ನಾಟಕದಾಕೆ ನಮ್ಮ ಮನೆಗೆ ಉಣ್ಣಲು ಬಂದದ್ದು

ಸಿನಿಮಾ ನಟಿಯರ ಹುಚ್ಚು ಹಿಡಿಸಿಕೊಂಡ ಹುಡುಗಿಯರನ್ನು ಕಂಡರೆ ನನ್ನ ವಯಸ್ಸಿನವರು ಮೂಗು ಮುರಿಯುತ್ತಾರೆ. ನಾನು ಮುರಿಯುವುದಿಲ್ಲ, ಅದಕ್ಕೆ ನನಗೆ ಮುಖವಿಲ್ಲ. ಒಂಬತ್ತನೆಯ ಇಯತ್ತೆಯಲ್ಲಿದ್ದಾಗ ಒಬ್ಬ ನಾಟಕದ ನಟಿಯ ಸಲುವಾಗಿ ಜೀವದ ಗೆಳತಿಯ ಜೊತೆ ಮಾತು ಬಿಟ್ಟವಳು ನಾನು. ಗೆಳತಿ ಮಾಡಿದ ಅಪರಾಧವೆಂದರೆ ಅದೇ ಕಂಪನಿಯ ಎರಡನೆಯ ನಟಿಯೇ ಹೆಚ್ಚು ಚೆಲುವೆ ಎಂದದ್ದು. ಮುಂದೆ ಆ ಗೆಳತಿಯ ಮದುವೆಗೂ ನಾನು ಮುಖ ಗಂಟಿಕ್ಕಿಕೊಂಡೇ ಹೋದೆ.

ಅದು ಎಪ್ಪತ್ತರ ದಶಕದ ಮಾತು. ನಮ್ಮೂರು ಅಣ್ಣಿಗೇರಿಯಿಂದ ಎರಡು ಹರದಾರಿ. ಅಪ್ಪ ಊರ ಸಾಲಿಯ ಮಾಸ್ತರ. ಏಳನೆಯ ಇಯತ್ತೆಯ ತನಕ ಅವರ ಕೈಯಲ್ಲೇ ಕಲಿತು, ಮುಂದೆ ಹೈಸ್ಕೂಲಿಗೆ ದಿನಾ ಬಸ್ಸಿನಲ್ಲಿ ಅಣ್ಣಿಗೇರಿಗೆ ಹೋಗಿ ಬರುತ್ತಿದ್ದೆ. ಆ ವರ್ಷ ಸುಗ್ಗಿ ಮುಗಿಯುವ ಹೊತ್ತಿಗೆ ಕಾಳಿನ ಪೇಟೆಯ ಹಿಂದಿನ ಬಯಲಿಗೆ ಒಂದು ನಾಟಕ ಕಂಪನಿ ಬಂದು ತಗಡಿನ ಥೇಟರು ಹಾಕಿತು. ಟಾಂಗಾಕ್ಕೆ ಮೈಕು ಕಟ್ಟಿಕೊಂಡು ಹಳದಿ ಹ್ಯಾಂಡ್‌ಬಿಲ್ಲು ತೂರುತ್ತ ಹೋಗುತ್ತಿದ್ದರು. ಅದರ ಮೇಲಿನ ನಟಿಯ ಚಿತ್ರ ಮಸಿ ಹರಡಿ ಹೇಗಾಗಿರುತ್ತಿತ್ತೆಂದರೆ, ಕಣ್ಣು ಮತ್ತು ಕುಂಕುಮ ಬಿಟ್ಟರೆ ಮತ್ತೇನೂ ತಿಳಿಯುತ್ತಿರಲಿಲ್ಲ. ನಾನು ಅದನ್ನೇ ಗಂಜಿ ಹಚ್ಚಿ ಟ್ರಂಕಿನ ಮುಚ್ಚಳದ ಒಳಗೆ ಅಂಟಿಸಿದ್ದೆ.

ಆಕೆ ಯಾವಾಗಲೂ ಮನೆಯ ಹಿರಿಸೊಸೆ. ಗಂಡ ಕುಡುಕ, ಅತ್ತೆ ಕೆಟ್ಟವಳು, ಮೈದುನ ಮೋಸಗಾರ. ಎಲ್ಲರದನ್ನೂ ಸಹಿಸಿಕೊಂಡು ಕಡೆಯ ಅಂಕದಲ್ಲಿ ಎಲ್ಲರನ್ನೂ ಕಾಲಿಗೆ ಬೀಳಿಸಿಕೊಳ್ಳುವವಳು ಆಕೆ. ನಾಟಕ ಬದಲಾಗುತ್ತಿತ್ತು, ಆಕೆಯ ಇಳಕಲ್ಲ ಸೀರೆ, ಕೈತುಂಬ ಹಸಿರು ಬಳೆ, ರೂಪಾಯಿ ಅಗಲದ ಕುಂಕುಮ ಬದಲಾಗುತ್ತಿರಲಿಲ್ಲ. ಮಾತನ್ನು ಅರ್ಧಕ್ಕೆ ನಿಲ್ಲಿಸಿ, ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ, ಗಂಡನ ಕಡೆ ನೋಡದೆ ಉಳಿದರ್ಧ ಹೇಳುತ್ತಿದ್ದಳು. ಆಗ ಥೇಟರಿನಲ್ಲಿ ಶೇಂಗಾ ಒಡೆಯುವ ಸಪ್ಪಳ ಕೂಡ ನಿಂತುಹೋಗುತ್ತಿತ್ತು. ನನಗೆ ಸೆರಗಿಲ್ಲದ ಕಾರಣ ನಾನು ಜಡೆಯ ರಿಬ್ಬನ್ನನ್ನೇ ಬೆರಳಿಗೆ ಸುತ್ತಿಕೊಂಡು ಮನೆಯಲ್ಲಿ ಅರ್ಧರ್ಧ ಮಾತಾಡುತ್ತಿದ್ದೆ. "ಪೂರ್ತಿ ಮಾತಾಡ ಬೇ, ಬಾಯಾಗ ಏನ ಇಟ್ಕೊಂಡೀ?" ಎಂದು ಅವ್ವ ಬೈಯುತ್ತಿದ್ದಳು.

ಸುತ್ತಲಿನ ಹೆಂಗಸರಿಗಂತೂ ಆಕೆ ಪರಮ ಮುತ್ತೈದೆ. ಆಟ ಮುಗಿದ ಮೇಲೆ ಥೇಟರಿನ ಹಿಂದೆ ಸಾಲುಗಟ್ಟಿ ನಿಲ್ಲುತ್ತಿದ್ದರು. ಹೊಸದಾಗಿ ಮದುವೆಯಾದವರನ್ನು ಕರೆತಂದು ಆಕೆಯ ಕೈಯಿಂದ ಕುಂಕುಮ ಹಚ್ಚಿಸುತ್ತಿದ್ದರು. ಹಾಗೆ ಹಚ್ಚಿಸಿಕೊಂಡವಳ ತಾಳಿ ಗಟ್ಟಿ ಎಂಬ ಮಾತು ಅಣ್ಣಿಗೇರಿಯಲ್ಲಷ್ಟೇ ಅಲ್ಲ, ನವಲಗುಂದದ ತನಕ ಹಬ್ಬಿತ್ತು. ಅದೇ ಹೆಂಗಸರು ಆಕೆಯನ್ನು ಮನೆಗೆ ಮಾತ್ರ ಕರೆಯುತ್ತಿರಲಿಲ್ಲ. ಎಷ್ಟಾದರೂ ‘ಕಂಪನಿ ಹೆಂಗಸು’. ಹಣೆಗೆ ಆಗುತ್ತಿದ್ದವಳು ಹೊಸ್ತಿಲೊಳಗೆ ಆಗುತ್ತಿರಲಿಲ್ಲ. ಇದರಲ್ಲಿ ಯಾರಿಗೂ ಏನೂ ತೊಡಕು ಕಾಣುತ್ತಿರಲಿಲ್ಲ.

ನನ್ನನ್ನು ನಾಟಕಕ್ಕೆ ಕರೆದೊಯ್ಯುತ್ತಿದ್ದವಳು ಸೋದರತ್ತೆ, ಅಪ್ಪನ ತಂಗಿ. ಎಳೆಯ ವಯಸ್ಸಿನಲ್ಲಿ ಮದುವೆಯಾಗಿ, ಗಂಡನ ಮನೆಯ ಹಾದಿ ಸರಿಯಾಗಿ ಗುರುತಾಗುವುದರೊಳಗೆ ಗಂಡನನ್ನು ಕಳೆದುಕೊಂಡಿದ್ದಳು. ವಾಪಸು ಬಂದವಳು ನಮ್ಮ ಅಡಿಗೆಮನೆ ಹೊಕ್ಕಳು. ನಾನು ಕಣ್ಣು ಬಿಟ್ಟಾಗಿನಿಂದ ಒಲೆಯ ಮುಂದೆ ಕಂಡದ್ದು ಆಕೆಯನ್ನೇ: ಬರಿ ಹಣೆ, ಬರಿ ಮುಂಗೈ, ಬಣ್ಣ ಹೋದ ಸೀರೆ. ಹಬ್ಬಕ್ಕೆ ಹೋಳಿಗೆ ಮಾಡುವವಳು ಅತ್ತೆ. ಹಬ್ಬಕ್ಕೆ ಬಂದ ಹೆಂಗಸರಿಗೆ ಅವ್ವ ಅರಿಷಿಣ ಕುಂಕುಮ ಕೊಟ್ಟು, ಅವರ ಸೆರಗಿಗೆ ಅಕ್ಕಿ, ಕಾಯಿ, ಕುಪ್ಪಸದ ಖಣ ಹಾಕಿ ಉಡಿ ತುಂಬುವ ಹೊತ್ತಿಗೆ ಯಾರೂ ಹೇಳದೆ ಹಿತ್ತಲಿಗೆ ಹೋಗಿ ನಿಲ್ಲುವವಳೂ ಅತ್ತೆಯೇ. ತುಂಬುವವಳೂ ಮುತ್ತೈದೆಯಾಗಿರಬೇಕು, ತುಂಬಿಸಿಕೊಳ್ಳುವವಳೂ ಮುತ್ತೈದೆಯಾಗಿರಬೇಕು. ಅಡಿಗೆಗೆ ಉಪ್ಪು ಬೇಕು ಎನ್ನುವಷ್ಟೇ ಸರಳವಾದ ನಿಯಮ ಅದು. ಅದರ ಮೇಲೆ ನಮ್ಮ ಮನೆಯಲ್ಲಿ ಒಂದು ಮಾತೂ ಆಗಿರಲಿಲ್ಲ.

ರವಿವಾರ ಮಧ್ಯಾಹ್ನ ಕಂಪನಿಯವರು ಹೆಂಗಸರು ಮಕ್ಕಳಿಗೆ ಅನುಕೂಲವಾಗಲೆಂದು ಒಂದು ಆಟ ಇಡುತ್ತಿದ್ದರು. ನಾನು ಅಪ್ಪನನ್ನು ಕಾಡಿ ಬೇಡಿ ಒಪ್ಪಿಸುತ್ತಿದ್ದೆ. ಒಬ್ಬಳೇ ಹೋಗುವಂತಿಲ್ಲವಾದ್ದರಿಂದ ಅತ್ತೆ ಜೊತೆಗೆ. "ಈ ಹುಡಿಗಿ ಜೀವಾ ತಿಂತೈತಿ, ಏನ ಮಾಡೂದು" ಎಂದು ಓಣಿಯಲ್ಲಿ ಸಿಕ್ಕವರಿಗೆಲ್ಲ ಹೇಳುತ್ತ ಬರುತ್ತಿದ್ದಳು. ನಾನೂ ಹಾಗೇ ತಿಳಿದಿದ್ದೆ. ಆದರೆ ರವಿವಾರ ಬಂದಿತೆಂದರೆ ನಾನು ಏಳುವುದರೊಳಗೆ ಅತ್ತೆ ರೊಟ್ಟಿ ಬಡಿದು ಮುಗಿಸಿರುತ್ತಿದ್ದಳು. ಒಂದು ರವಿವಾರ ನನಗೆ ಜ್ವರ ಬಂತು. ಅತ್ತೆ ಮತ್ತೆ ಮತ್ತೆ ಬಂದು ನನ್ನ ಹಣೆ ಮುಟ್ಟಿ ನೋಡಿ, "ಅಷ್ಟೇನೂ ಸುಡೂದಿಲ್ಲಲ್ಲಾ" ಎಂದಳು. ಆಗ ನನಗೆ ತುಸು ಅನುಮಾನ ಬಂತು.

ಥೇಟರಿನಲ್ಲಿ ಅತ್ತೆ ಮುಂದಕ್ಕೆ ಬಾಗಿ ಕೂತು, ಸಂತೆಯಲ್ಲಿ ಎತ್ತು ನೋಡುವವರ ಹಾಗೆ, ನಟಿಯನ್ನು ಅಡಿಯಿಂದ ಮುಡಿಯ ತನಕ ನೋಡುತ್ತಿದ್ದಳು. ವಾಪಸು ಬರುವಾಗ ನಾನು ಹಾಡು, ಮಾತು, ಸೀರೆ ಎಂದು ಹರಟುತ್ತಿದ್ದರೆ ಆಕೆಯದು ಬೇರೆಯೇ ವಿಚಾರ.

"ಆಕಿ ಮುಂಗೈ ನೋಡಿದಿಯೇನು? ಬಳಿ ಮೊಳಕೈತನಾ ಜಾರತಾವ. ಆಕಿಗೆ ಯಾರೂ ಸರಿಯಾಗಿ ಉಣ್ಣಾಕ ಹಾಕವಲ್ರು."

"ಅತ್ತಿ, ಅಷ್ಟ ದೊಡ್ಡ ನಟಿ ಆಕಿ!"

"ದೊಡ್ಡಾಕಿ ಇರಲಿ. ದೊಡ್ಡವರಿಗೆ ಹೊಟ್ಟಿ ಇರೂದಿಲ್ಲೇನು? ಒಂದ ದಿನಾ ಮನಿಗೆ ಕರದು ನನ್ನ ಕೈಲೆ ಬಿಸಿ ರೊಟ್ಟಿ ಹಾಕಬೇಕು ನೋಡ ಆಕಿಗೆ."

ನಾನು ನಕ್ಕುಬಿಡುತ್ತಿದ್ದೆ. ನನ್ನ ಆಸೆ ಆಕೆ ಒಮ್ಮೆ ನನ್ನ ಕಡೆ ನೋಡಲಿ ಎಂಬುದಷ್ಟೇ ಆಗಿತ್ತು. ಅತ್ತೆಯದು ಬಲು ದೊಡ್ಡ ಆಸೆ. ಆಮೇಲೆ ಲಕ್ಷ್ಯವಿಟ್ಟು ನೋಡಿದರೆ, ಅತ್ತೆ ಇದೊಂದನ್ನು ಬಿಟ್ಟು ತನಗಾಗಿ ಮತ್ತೇನನ್ನೂ ಬೇಕೆಂದದ್ದು ನನಗೆ ನೆನಪಿಗೆ ಬರಲಿಲ್ಲ.

ಮಳೆಗಾಲಕ್ಕೆ ಕಂಪನಿ ಅಣ್ಣಿಗೇರಿ ಬಿಡುತ್ತದೆಂದು ತಿಳಿದು ನಾನು ಹನುಮಪ್ಪನಿಗೆ ಕಾಯಿ ಒಡೆಯುತ್ತೇನೆಂದು ಬೇಡಿಕೊಂಡೆ. ಮಳೆ ತಡವಾಗಿ ಬರಲಿ ಎಂದು ಬೇಡಿಕೊಳ್ಳುವ ಧೈರ್ಯವಾಗಲಿಲ್ಲ, ರೈತರ ಊರು. ಮಳೆ ಬರಲಿ, ಕಂಪನಿಯೂ ಇರಲಿ ಎಂದು ಬೇಡಿಕೊಂಡೆ. ಹನುಮಪ್ಪ ಮೊದಲಿನದನ್ನಷ್ಟೇ ನಡೆಸಿಕೊಟ್ಟ. ಅರ್ಧ ಬೇಡಿಕೆಗೆ ಅರ್ಧ ಕಾಯಿ ಒಡೆಯಲು ಬರುವುದಿಲ್ಲವೆಂದು ನಾನು ಕಾಯಿ ಒಡೆಯಲೇ ಇಲ್ಲ. ದೀಪಾವಳಿಯ ಸುಮಾರಿಗೆ ಎಲ್ಲೋ ದೂರದ ಊರಿನಲ್ಲಿ ಆ ಕಂಪನಿ ಮುರಿದುಬಿತ್ತು, ಕಲಾವಿದರೆಲ್ಲ ದಿಕ್ಕಾಪಾಲಾದರು ಎಂಬ ಸುದ್ದಿ ಬಂತು. ನಾನು ಒಂದು ಹೊತ್ತು ಉಪವಾಸ ಮಾಡಿದೆ. ಮರುದಿನ ಪರೀಕ್ಷೆ ಇದ್ದುದರಿಂದ ಮುಂದುವರಿಸಲಾಗಲಿಲ್ಲ.

ಮುಂದಿನ ಯುಗಾದಿಗೆ ನಮ್ಮೂರ ಹುಡುಗರು ನಾಟಕ ಹಿಡಿದರು. ನಮ್ಮ ಕಡೆ ಹಳ್ಳಿಯ ನಾಟಕದ ರೀತಿ ಹೀಗೆ: ಗಂಡು ಪಾತ್ರಗಳನ್ನು ಊರವರೇ ಹಂಚಿಕೊಂಡು, ನಾಟಕದ ಮಾಸ್ತರನ ಕೈಯಲ್ಲಿ ಎರಡು ತಿಂಗಳು ತಾಲೀಮು ಮಾಡುತ್ತಾರೆ. ಹೆಣ್ಣು ಪಾತ್ರಕ್ಕೆ ಹುಬ್ಬಳ್ಳಿಯಿಂದಲೋ ಗದುಗಿನಿಂದಲೋ ನಟಿಯನ್ನು ಕರೆಸುತ್ತಾರೆ. ಆಕೆ ಬರುವುದು ನಾಟಕದ ದಿನ. ಮಧ್ಯಾಹ್ನ ಒಂದು ತಾಲೀಮು, ರಾತ್ರಿ ನಾಟಕ, ಬೆಳಗಿನ ಬಸ್ಸಿಗೆ ವಾಪಸು. ಇಳಿಯುವುದು ಸಾಲಿಯ ಕೋಣೆಯಲ್ಲಿ. ಊಟವನ್ನು ಖಾನಾವಳಿಯಿಂದಲೋ ಯಾರದೋ ಮನೆಯಿಂದಲೋ ಡಬ್ಬಿ ಕಟ್ಟಿಸಿ ಅಲ್ಲಿಗೇ ಕಳಿಸುತ್ತಾರೆ. ನಟಿ ಊರಿನ ಯಾವ ಮನೆಯ ಹೊಸ್ತಿಲನ್ನೂ ತುಳಿಯುವುದಿಲ್ಲ.

ಊರ ಪರವಾಗಿ ಅಪ್ಪ ಗದುಗಿಗೆ ಹೋಗಿ ನಟಿಯನ್ನು ಗೊತ್ತುಮಾಡಿ ಬಂದರು. ಕಾಲು ತೊಳೆಯುತ್ತ, ಏನೋ ಸಣ್ಣ ಸುದ್ದಿಯೆಂಬಂತೆ, ಅಣ್ಣಿಗೇರಿಯ ಕಂಪನಿಯಲ್ಲಿದ್ದ ಆಕೆಯೇ ಬರುತ್ತಾಳೆಂದು ಹೇಳಿದರು. ನಾನು ಕಿರಿಚಿಕೊಂಡೆ. ಅತ್ತೆ ಕಿರಿಚಲಿಲ್ಲ. ಅಡಿಗೆಮನೆಯ ಬಾಗಿಲಿಗೆ ಬಂದು ನಿಂತು, "ಅಣ್ಣಾ, ಆಕಿ ಊಟ ಎಲ್ಲಿ?" ಎಂದು ಕೇಳಿದಳು.

"ಎಲ್ಲಿ ಅಂದ್ರ? ಸಾಲ್ಯಾಗ."

"ನಮ್ಮನ್ಯಾಗ ಉಣ್ಣಲಿ. ನಾ ಮಾಡಿ ಹಾಕ್ತೀನಿ."

ಅಪ್ಪ ಟವೆಲಿನಿಂದ ಮುಖ ಒರೆಸಿಕೊಳ್ಳುತ್ತ ಅವ್ವನ ಕಡೆ ನೋಡಿದರು. ಸಾಲಿಯಲ್ಲಿ ಛಡಿ ಹಿಡಿದು ಹುಲಿಯ ಹಾಗೆ ತಿರುಗುತ್ತಿದ್ದ ಅಪ್ಪ ಮನೆಯಲ್ಲಿ ಎಲ್ಲ ಪ್ರಶ್ನೆಗೂ ಅವ್ವನ ಕಡೆ ನೋಡುವವರು. ಅವ್ವ ಬತ್ತಿ ಹೊಸೆಯುತ್ತಿದ್ದಳು. ಕೈ ನಿಲ್ಲಿಸಲಿಲ್ಲ.

"ಮನ್ಯಾಗ ಲಗ್ನಕ್ಕ ಬಂದ ಹುಡಿಗಿ ಐತಿ. ನಾಳೆ ವರನ ಕಡ್ಯಾವರು ಬಂದ್ರ, ಇವರ ಮನ್ಯಾಗ ಕಂಪನಿ ಹೆಂಗಸರು ಉಂಡ ಹೋಗತಾರಂತ ಅಂತ ಊರ ಮಂದಿ ಹೇಳ್ಲಿ ಏನು?"

"ಡಬ್ಬಿ ಕಟ್ಟೂಣು ಬಿಡ" ಎಂದರು ಅಪ್ಪ.

"ಡಬ್ಬ್ಯಾಗ ಹಾಕಿದ್ ರೊಟ್ಟಿ ಬಿಸಿ ಇರತೈತೇನು?" ಎಂದಳು ಅತ್ತೆ. "ಆಗಲಿ ವೈನಿ, ಇಲ್ಲಿ ಬ್ಯಾಡಂದ್ರ ಬ್ಯಾಡ. ನಾನ ಹಿಟ್ಟು ಹಂಚು ತೊಗೊಂಡು ಸಾಲಿಗೆ ಹೋಗತೀನಿ. ಅಲ್ಲೇ ಮೂರ ಕಲ್ಲ ಇಟ್ಟು ಬಡದ ಹಾಕ್ತೀನಿ."

ಅತ್ತೆ ಯಾರಿಗಾದರೂ ಎದುರು ಮಾತಾಡಿದ್ದನ್ನು ನಾನು ಕಂಡದ್ದು ಅದೇ ಮೊದಲು. ದನಿಯೇನೂ ಏರಿರಲಿಲ್ಲ. ಆದರೆ ಊರ ಹುಡುಗರೆಲ್ಲ ತಾಲೀಮಿಗೆ ಸೇರಿದ ಸಾಲಿಯ ಬಯಲಲ್ಲಿ ಮಾಸ್ತರನ ತಂಗಿ, ಅದರಲ್ಲೂ ಗಂಡ ಸತ್ತವಳು, ಒಲೆ ಹೂಡಿ ಕೂತರೆ ಹೇಗಿರುತ್ತದೆಂದು ಅವ್ವನಿಗೆ ಕಣ್ಣಿಗೆ ಕಟ್ಟಿರಬೇಕು. ಬತ್ತಿ ಹೊಸೆಯುವ ಕೈ ನಿಂತಿತು. ಅಪ್ಪ ಮೆಲ್ಲಗೆ ಎದ್ದು ಹೊರಗೆ ಹೋದರು. ಆ ದಿನ ರಾತ್ರಿ ಊಟಕ್ಕೆ ಕೂತಾಗ ಅವ್ವ ಯಾರ ಕಡೆಯೂ ನೋಡದೆ ತೀರ್ಪು ಕೊಟ್ಟಳು.

"ಬರಲಿ. ಆದ್ರ ಹಿತ್ತಲ ಬಾಗಿಲಿಂದ ಬಂದು ಹಿತ್ತಲ ಬಾಗಿಲಿಂದ ಹೋಗಬೇಕು."

ನಾನು ಅಷ್ಟಕ್ಕೇ ಸಂತೋಷಪಟ್ಟೆ. ಅತ್ತೆಯೂ ಹೂಂ ಎಂದಳು.

ನಾಟಕ ಇದ್ದದ್ದು ಯುಗಾದಿಯ ಮರುದಿನ. ಬೆಳಿಗ್ಗೆ ಎದ್ದು ನೋಡಿದರೆ ಅವ್ವ ಹೊರಗಾಗಿದ್ದಳು. ನಮ್ಮ ಮನೆಯಲ್ಲಿ ಮುಟ್ಟಾದ ಮೂರು ದಿನ ಹೆಂಗಸರು ಒಳಗೆ ಬರುವಂತಿರಲಿಲ್ಲ. ದೇವರು, ಒಲೆ, ಕುಂಕುಮ ಯಾವುದನ್ನೂ ಮುಟ್ಟುವಂತಿರಲಿಲ್ಲ. ಕೂರುವ ಜಾಗ ಹಿತ್ತಲ ಬಾಗಿಲಿನ ಹೊರಗಿನ ಚಪ್ಪರದ ಕೆಳಗೆ. ಆ ಬಾಗಿಲಿಂದ ಹಾಯ್ದು ಬರಬೇಕಾದರೆ ಅವ್ವನಿಗೆ ಸೆರಗು ತಾಗದೆ ಬರಲಾಗುತ್ತಿರಲಿಲ್ಲ. ಹಾಗೆ ತಾಗಿದವರನ್ನು ಅಡಿಗೆಮನೆಯ ಹತ್ತಿರ ಬಿಡುವುದು ಹೇಗೆ? ಅಪ್ಪ ತಲೆ ಕೆರೆದುಕೊಂಡು ನಿಂತರು. ಅವ್ವ ಕಂಬಳಿಯ ಮೇಲೆ ಕೂತು ಬಹಳ ಹೊತ್ತು ವಿಚಾರ ಮಾಡಿದಳು. ಬೇರೆ ಹಾದಿ ಇರಲಿಲ್ಲ.

"ತಲಬಾಗಿಲಿಂದನ ಬರಲಿ ಬಿಡ್ರಿ. ನನ್ನ ಕರ್ಮ" ಎಂದಳು.

ತನ್ನ ಷರತ್ತನ್ನು ತನ್ನ ಮಡಿಯೇ ಮುರಿದದ್ದು ಆಕೆಗೆ ನಗೆಯ ಸಂಗತಿಯಾಗಿ ಕಾಣಲಿಲ್ಲ. ನನಗೆ ಕಂಡಿತು, ಆದರೆ ನಗುವಷ್ಟು ಧೈರ್ಯ ಇರಲಿಲ್ಲ. ನಮ್ಮ ಮನೆಯ ಬಾಗಿಲುಗಳು ಒಂದರ ಹಿಂದೆ ಒಂದು, ಒಂದೇ ಸಾಲಿನಲ್ಲಿದ್ದವು. ತಲಬಾಗಿಲಲ್ಲಿ ನಿಂತರೆ ಹಿತ್ತಲ ನುಗ್ಗಿಗಿಡ ಕಾಣುತ್ತಿತ್ತು. ಅವ್ವ ತನ್ನ ಕಂಬಳಿಯನ್ನು ಸರಿಯಾಗಿ ಆ ಸಾಲಿಗೆ ಎಳೆದುಕೊಂಡು, ಒಳಗಿನದೆಲ್ಲ ಕಾಣುವಂತೆ ಕೂತಳು.

ಮಧ್ಯಾಹ್ನ ಬಿಸಿಲು ಏರಿದ ಹೊತ್ತಿಗೆ ಅಪ್ಪ ಆಕೆಯನ್ನು ಕರೆದುಕೊಂಡು ಬಂದರು. ಜೊತೆಗೆ ಪೇಟಿ ಬಾರಿಸುವ ಒಬ್ಬ ಮುದುಕ ಇದ್ದ, ಅವನು ಸಾಲಿಯಲ್ಲೇ ಉಳಿದಿದ್ದ. ನಾನು ಬಾಗಿಲಲ್ಲಿ ನಿಂತು ಅಪ್ಪನ ಹಿಂದೆ ನೋಡುತ್ತಿದ್ದೆ, ನಟಿ ಎಲ್ಲಿ ಎಂದು. ಅಪ್ಪನ ಜೊತೆ ಇದ್ದವಳು ನನ್ನಷ್ಟೇ ಎತ್ತರದ ಒಬ್ಬ ಕಪ್ಪು ಹೆಂಗಸು. ವಾಯಲ್ ಸೀರೆ, ಬಸ್ಸಿನ ಧೂಳು ಹತ್ತಿದ ತಲೆ, ಕೈಯಲ್ಲಿ ಒಂದು ತಂತಿ ಬುಟ್ಟಿ. ಹಣೆಯಲ್ಲಿ ಏನೂ ಇರಲಿಲ್ಲ, ಬೆವರಿಗೆ ಅಳಿಸಿರಬೇಕೆಂದುಕೊಂಡೆ. ಅಪ್ಪ, "ಇವರ" ಎಂದಾಗ ನನಗಾದ ನಿರಾಸೆಯನ್ನು ಏನು ಹೇಳಲಿ. ರಂಗದ ಮೇಲೆ ಬಾಗಿಲಿನಷ್ಟು ಎತ್ತರ ಕಾಣುತ್ತಿದ್ದವಳು! ಒಂದು ವರ್ಷದಿಂದ ನನಗೆ ಯಾರೋ ಮೋಸ ಮಾಡಿದ್ದಾರೆ ಎನಿಸಿತು.

ಅತ್ತೆಗೆ ಹಾಗೇನೂ ಎನಿಸಲಿಲ್ಲ. ಕಾಲಿಗೆ ನೀರು ಕೊಟ್ಟು, ಪಡಸಾಲೆಯಲ್ಲಿ ನವಲಗುಂದದ ಜಮಖಾನೆ ಹಾಸಿ, "ಬರ್ರಿ, ಕುಂಡರ್ರಿ. ಬಿಸಲಾಗ ಬಂದೀರಿ. ಮೊದಲ ಬೆಲ್ಲಾ ನೀರು ತೊಗೋರಿ" ಎಂದಳು. ಆ ಜಮಖಾನೆ ಇನ್‌ಸ್ಪೆಕ್ಟರ್ ಸಾಹೇಬರು ಬಂದಾಗಲಷ್ಟೇ ಹೊರಬರುತ್ತಿತ್ತು. ಹಿತ್ತಲಿನಿಂದ ಅವ್ವ ಕೆಮ್ಮಿದಳು. ಅತ್ತೆಗೆ ಕೇಳಿಸಲಿಲ್ಲ.

ಆಕೆ ತಾಟಿನ ಮುಂದೆ ಕೂತಳು. ಅತ್ತೆ ಒಳಗೆ ಬಡಿದು ಬೇಯಿಸಿದ ರೊಟ್ಟಿಯನ್ನು ನಾನು ಓಡಿ ಬಂದು ಹಾಕುವುದು, ಆಕೆ ತಿನ್ನುವುದು. ಎಣ್ಣೆಗಾಯಿ ಬದನೆ, ಹೆಸರಕಾಳಿನ ಪಲ್ಲೆ, ಶೇಂಗಾ ಚಟ್ನಿ, ಬೆಣ್ಣೆ, ನಿನ್ನೆಯ ಹೋಳಿಗೆ. ಮೊಸರು ಮಾತ್ರ ಬೇಡವೆಂದಳು. "ರಾತ್ರಿ ಹಾಡೂದೈತ್ರಿ, ದನಿ ಕಟ್ಟತೈತಿ" ಎಂದಳು. ಹೊಲದ ಕೆಲಸ ಮಾಡಿ ಬಂದವರ ಹಾಗೆ, ಅವಸರವಿಲ್ಲದೆ, ಆದರೆ ನಡುವೆ ನಿಲ್ಲದೆ ಉಂಡಳು. ಉಣ್ಣುವುದನ್ನು ಬಿಟ್ಟು ಬೇರೆ ಕಡೆ ಲಕ್ಷ್ಯವಿರಲಿಲ್ಲ. ನನ್ನ ಕಡೆಗಂತೂ ಒಟ್ಟೇ ಇರಲಿಲ್ಲ.

ಇಂಥ ಗಳಿಗೆ ಮತ್ತೆ ಬಾರದೆಂದು ನಾನು ಧೈರ್ಯ ಮಾಡಿದೆ. ಅಣ್ಣಿಗೇರಿಯಲ್ಲಿ ಥೇಟರೆಲ್ಲ ಅತ್ತ ಒಂದು ದೃಶ್ಯವಿತ್ತು. ಗಂಡ ಮನೆ ಬಿಟ್ಟು ಹೋಗುವಾಗ ಆಕೆ ಹೇಳುವ ಮಾತು. ಅದನ್ನು ರಿಬ್ಬನ್ನು ಸುತ್ತಿಕೊಳ್ಳುತ್ತ, ಅರ್ಧಕ್ಕೆ ನಿಲ್ಲಿಸಿ, ಒಂದಕ್ಷರ ತಪ್ಪದೆ ಹೇಳಿ ತೋರಿಸಿದೆ. ಆಕೆ ತುತ್ತು ಕೈಯಲ್ಲಿ ಹಿಡಿದು ಪೂರ್ತಿ ಕೇಳಿದಳು.

"ಚಲೋ ಹೇಳ್ತಿ" ಎಂದಳು. "ಯಾವ ನಾಟಕದ್ದವಾ ಅದು?"

"ನಿಮ್ಮದರಿ! ಅಣ್ಣಿಗೇರ್ಯಾಗ ನೀವ ಹೇಳ್ತಿದ್ರಿ!"

"ಹೌದೇನು? ಭಾಳ ನಾಟಕ ಮಾಡೀನಿ, ನೆಪ್ಪ ಇಲ್ಲ." ಮತ್ತೆ ತಾಟಿನ ಕಡೆ ತಿರುಗಿ, ಅಡಿಗೆಮನೆಯ ಕಡೆಗೆ ದನಿ ಮಾಡಿ ಕೇಳಿದಳು. "ಅಕ್ಕಾರ, ಇನ್ನೊಂದ ರೊಟ್ಟಿ ಐತೇನ್ರಿ?"

ನನಗೆ ಅಳು ಬಂದಂತಾಯಿತು. ಒಳಗೆ ಹೋದರೆ ಅತ್ತೆ ಹಂಚಿನ ಮುಂದೆ ಬೆವರು ಸುರಿಸುತ್ತ ನಗುತ್ತಿದ್ದಳು. "ಇನ್ನೊಂದ ಕೇಳಿದ್ಲಲ್ಲಾ" ಎಂದು ನನಗೆ ಹೇಳಿ, ಮುಷ್ಟಿ ತುಂಬ ಹಿಟ್ಟು ತೆಗೆದು ನಾದುವ ಕೊಣಮಿಗೆಗೆ ಹಾಕಿಕೊಂಡಳು. ಅತ್ತೆಗೆ ಬೇಕಾದದ್ದು ಸಿಕ್ಕಿತ್ತು. ನನಗೆ ಅತ್ತೆಯ ಮೇಲೆ ಹೊಟ್ಟೆಕಿಚ್ಚಾಯಿತು.

ಉಂಡ ಹೆಂಗಸನ್ನು ಬರಿಗೈಯಲ್ಲಿ ಕಳಿಸುವ ಪದ್ಧತಿ ನಮ್ಮಲ್ಲಿಲ್ಲ. ಅತ್ತೆ ಬೆಳಿಗ್ಗೆಯೇ ತಾಟಿನಲ್ಲಿ ಅಕ್ಕಿ, ತೆಂಗಿನಕಾಯಿ, ಎಲೆ ಅಡಿಕೆ, ಅರಿಷಿಣ ಕುಂಕುಮದ ಬಟ್ಟಲು ಎಲ್ಲ ಹಚ್ಚಿಟ್ಟಿದ್ದಳು. ಖಣ ಅವಳ ಸ್ವಂತದ್ದು. ಮದುವೆಯಲ್ಲಿ ಬಂದಿದ್ದು, ಹೊಲಿಸುವ ಪ್ರಸಂಗವೇ ಬಂದಿರಲಿಲ್ಲ. ತುಂಬುವವರು ಯಾರು ಎಂಬುದೊಂದು ಉಳಿದಿತ್ತು. ಅವ್ವ ಹೊರಗೆ ಕೂತಿದ್ದಳು. ನನಗೆ ಮದುವೆಯಾಗಿರಲಿಲ್ಲ. ಬಾಜು ಮನೆಯ ಕಾಕು ಆಗಲೇ ಕಿಟಕಿಯಿಂದ ಇಣುಕಿ ಹೋಗಿದ್ದಳು. ಹೋದ ವರ್ಷ ಸೊಸೆಯನ್ನು ಥೇಟರಿನ ಹಿಂದೆ ಒಯ್ದು ಇದೇ ನಟಿಯಿಂದ ಕುಂಕುಮ ಹಚ್ಚಿಸಿದವಳು ಆಕೆ. ಕರೆಯಲು ಹೋದರೆ, "ನಮ್ಮನಿಯವರು ಬೈತಾರವಾ, ನಾ ಒಲ್ಲೆ" ಎಂದು ಬಾಗಿಲು ಹಾಕಿಕೊಂಡಳು.

ನಾನು ಒಬ್ಬಳೇ ವಾಪಸು ಬಂದೆ. ಅತ್ತೆಗೆ ತಿಳಿಯಿತು. ತಾಟನ್ನು ಹಿಡಿದುಕೊಂಡು ಅಡಿಗೆಮನೆಯ ಬಾಗಿಲಲ್ಲೇ ನಿಂತಳು, ಮುಂದೆ ಬರಲಿಲ್ಲ. ನಟಿ ಕೈ ತೊಳೆದು ಬಂದು ತಾಟು ನೋಡಿದಳು, ನಮ್ಮಿಬ್ಬರ ಮುಖ ನೋಡಿದಳು.

"ಉಡಿ ತುಂಬವರಿದ್ರಿ ಏನು? ಬ್ಯಾಡ್ರಿ ಅಕ್ಕಾರ" ಎಂದಳು. "ನನಗ ತುಂಬಬಾರದು. ನಮ್ಮವರು ಹೋಗಿ ಭಾಳ ವರ್ಸಾತು. ರಾತ್ರಿ ಹಚ್ಚಕೊಳ್ಳೂ ಕುಂಕಮ ನಾಟಕದ್ದು. ಅದನ್ನ ಹೇಳಬ್ಯಾಡಂತ ಕಂಪನಿ ಮಾಲಕರು ಕಟ್ಟಪ್ಪಣಿ ಮಾಡಿದ್ರು. ಈಗ ಕಂಪನಿನ ಇಲ್ಲ. ನಿಮ್ಮನಿ ಅನ್ನ ಉಂಡ ಸುಳ್ಳ ಯಾಕ ಹೇಳಲಿ?"

ಹೋದ ವರ್ಷ ಸುತ್ತಿನ ಹಳ್ಳಿಗಳ ಮದುವಣಗಿತ್ತಿಯರೆಲ್ಲ ಸಾಲುಗಟ್ಟಿ ಕುಂಕುಮ ಹಚ್ಚಿಸಿಕೊಂಡದ್ದು ಒಬ್ಬ ವಿಧವೆಯ ಕೈಯಿಂದ. ನನಗೆ ಮೊದಲು ನೆನಪಾದದ್ದು ಬಾಜು ಮನೆಯ ಕಾಕುವಿನ ಮುಖ. ನಗಬೇಕೋ ಹೆದರಬೇಕೋ ತಿಳಿಯಲಿಲ್ಲ. ಹಿತ್ತಲ ಕಡೆ ನೋಡಿದೆ. ಅವ್ವ ಕಂಬಳಿಯ ಮೇಲೆ ನೆಟ್ಟಗೆ ಕೂತಿದ್ದಳು, ಎಲ್ಲ ಕೇಳಿಸಿಕೊಂಡಿದ್ದಳು.

ಅತ್ತೆ ಮೆಲ್ಲಗೆ ಹೇಳಿದಳು. "ತುಂಬವರೂ ಯಾರೂ ಇಲ್ರಿ. ನನಗೂ ಹಕ್ಕಿಲ್ಲ."

"ಈ ತಾಟು ಯಾರ ಹಚ್ಚಿದ್ರು?"

"ನಾನ."

ನಟಿ ನೆಲದ ಮೇಲಿದ್ದ ಮಣೆಯನ್ನು ಕಾಲಿನಿಂದ ಸರಿಸಿಕೊಂಡು ಕೂತೇಬಿಟ್ಟಳು.

"ಹಂಗಾರ ನೀವ ತುಂಬ್ರಿ. ತುಂಬಬಾರದಾಕಿ ತುಂಬಿ, ತುಂಬಿಸ್ಕೊಬಾರದಾಕಿ ತುಂಬಿಸ್ಕೊಂಡ್ರ ಯಾರ ಗಂಟ ಏನ ಹೋಗತೈತ್ರಿ? ಇಬ್ಬರದೂ ಹೋಗೂದ ಯಾವಾಗೋ ಹೋಗೇತಿ."

ಸೆರಗು ಒಡ್ಡಿ ಕಾದಳು. ಅದರಲ್ಲಿ ನಾಟಕದ್ದೇನೂ ಇರಲಿಲ್ಲ, ಹೊತ್ತಾಗುತ್ತಿದೆ ಎನ್ನುವವರ ರೀತಿಯಲ್ಲಿ ಕಾದಳು. ಅತ್ತೆ ಅಡಿಗೆಮನೆಯ ಹೊಸ್ತಿಲು ದಾಟಿ ಬಂದಳು. ಕುಂಕುಮದ ಬಟ್ಟಲಿಗೆ ಹೋದ ಬೆರಳು ಹಾಗೇ ವಾಪಸು ಬಂತು. ನಟಿಯೂ ಒತ್ತಾಯ ಮಾಡಲಿಲ್ಲ. ಬೊಗಸೆಯಲ್ಲಿ ಅಕ್ಕಿ ತೆಗೆದು ಹಾಕುವಾಗ ನಾಲ್ಕು ಕಾಳು ಜಮಖಾನೆಯ ಮೇಲೆ ಬಿದ್ದವು. ಕಾಯಿ, ಖಣ, ಎಲೆ ಅಡಿಕೆ ಎಲ್ಲ ಹಾಕಿದಳು. ದಿನಕ್ಕೆ ಅಷ್ಟು ರೊಟ್ಟಿ ಬಡಿಯುವ ಕೈ ಅದು. ಈ ಒಂದು ಕೆಲಸ ಅದಕ್ಕೆ ಹೊಸದು.

ನಟಿ ಎದ್ದಳು. ಹೊರಟಳೆಂದು ನಾನು ದಾರಿ ಬಿಟ್ಟೆ. ಆಕೆ ಹೊರಡಲಿಲ್ಲ. ತನ್ನ ಉಡಿಯಿಂದ ಬೊಗಸೆ ತುಂಬ ಅಕ್ಕಿ ತೆಗೆದು, "ಹಿಡೀರಿ ಅಕ್ಕಾರ" ಎಂದಳು.

"ನನಗ ಯಾಕ್ರಿ?"

"ಹಿಡೀರಿ ಅಂದ್ರ. ತುಂಬಿದಾಕಿಗೆ ತಿರಗಿ ಕೊಡಬೇಕು. ನಂದೂ ಒಂದ ಪದ್ಧತಿ ಐತಿ."

ಅತ್ತೆ ಅವಸರದಲ್ಲಿ ಹಿಟ್ಟಿನ ಕೈಯಿಂದಲೇ ಸೆರಗು ಹಿಡಿದಳು. ನಟಿ ಅಕ್ಕಿ ಹಾಕಿದಳು, ಮೇಲೆ ಅದೇ ಖಣವನ್ನು ಇಟ್ಟಳು. "ಇದನ್ನ ಹೊಲಿಸ್ಕೋರಿ" ಎಂದಳು. ಮತ್ತೆ ನನ್ನ ಗಲ್ಲವನ್ನು ಎಡಗೈಯಿಂದ ಒಮ್ಮೆ ತಟ್ಟಿ, ಬುಟ್ಟಿ ಎತ್ತಿಕೊಂಡು, ಬಂದ ಬಾಗಿಲಿನಿಂದಲೇ ಬಿಸಿಲಿಗೆ ಇಳಿದು ಸಾಲಿಯ ಕಡೆ ಹೋದಳು. ನನ್ನ ಒಂದು ವರ್ಷದ ಭಕ್ತಿಗೆ ಸಿಕ್ಕ ಪ್ರಸಾದ ಅಷ್ಟೇ. ರಾತ್ರಿ ನಾಟಕ ಚೆನ್ನಾಗಿಯೇ ಆಯಿತು, ಆಕೆ ಮತ್ತೆ ಬಾಗಿಲಿನಷ್ಟು ಎತ್ತರ ಕಂಡಳು, ಅದನ್ನು ಊರವರು ಈಗಲೂ ಹೇಳುತ್ತಾರೆ. ನಾನು ಹೇಳಬೇಕಾದದ್ದು ಆಕೆ ಹೋದ ಗಳಿಗೆಯಲ್ಲಿ ಮನೆಯಲ್ಲಿ ನಡೆದದ್ದು.

ಅತ್ತೆ ಪಡಸಾಲೆಯ ನಡುವೆ ಸೆರಗು ಹಿಡಿದುಕೊಂಡು ನಿಂತೇ ಇದ್ದಳು. ಒಳಗೆ ಹೋಗಬೇಕೋ, ಅಕ್ಕಿಯನ್ನು ತಾಟಿಗೆ ಸುರಿಯಬೇಕೋ ಆಕೆಗೆ ತಿಳಿಯಲಿಲ್ಲ. ನನಗೆ ಹಿತ್ತಲಿನದೇ ಭಯ. ಅವ್ವ ಈಗ ಏನು ಅನ್ನುತ್ತಾಳೋ, ಮನೆಗೆ ಅಮಂಗಳ ಮಾಡಿದಿರೆಂದು ಕೂಗಾಡುತ್ತಾಳೋ ಎಂದು ಆ ಕಡೆಯೇ ನೋಡುತ್ತಿದ್ದೆ. ಅವ್ವ ಕೂಗಿದಳು, ಅದು ನಿಜ.

"ಏ, ಅಲ್ಲೇ ಯಾಕ ಕಂಬಾ ನಿಂತಂಗ ನಿಂತಿ? ಉಡಿ ತುಂಬಿಸ್ಕೊಂಡಾಕಿ ದೇವರಿಗೆ ನಮಸ್ಕಾರ ಮಾಡಬೇಕಂತ ಯಾರೂ ಕಲಿಸಿಲ್ಲೇನ ನಿನಗ?"

"ವೈನಿ, ನಾನು..."

"ನೀನ. ಮತ್ಯಾರು? ನಡಿ. ದೇವರಿಗೆ ಮಾಡಿ ಇಲ್ಲಿ ಬಾ. ನಾ ಹಿರ್ಯಾಕಿ ಅದೀನಿ, ನನಗೂ ಮಾಡು. ಮುಟ್ಟಬ್ಯಾಡ ಮತ್ತ, ದೂರ ನಿಂದರು."

ಅತ್ತೆ ದೇವರ ಜಗಲಿಗೆ ಹೋಗಿ ಬಾಗಿ, ಅಲ್ಲಿಂದ ಹಿತ್ತಲ ಬಾಗಿಲಿಗೆ ಬಂದಳು. ನಾನೂ ಹಿಂದೆಯೇ ಹೋದೆ. ಹೊಸ್ತಿಲ ಒಳಗೇ ನಿಂತು, ಸೆರಗನ್ನು ಎದೆಗೆ ಒತ್ತಿಕೊಂಡು, ಅವ್ವನ ಮುಂದೆ ತಲೆ ಬಾಗಿಸಿದಳು. ನಮ್ಮ ಕಡೆ ನಮಸ್ಕಾರ ಮಾಡಿದ ಹೆಂಗಸನ್ನು ಹರಸುವ ಮಾತು ಒಂದೇ: ಮುತ್ತೈದೆಯಾಗಿ ಬಾಳು. ಅವ್ವ ಅಭ್ಯಾಸದಂತೆ ಬಾಯಿ ತೆರೆದಳು, ತೆರೆದ ಬಾಯಿ ಹಾಗೇ ಉಳಿಯಿತು. ಊರಿಗೆಲ್ಲ ಮಾತು ಕಡ ಕೊಡುವಂಥ ಅವ್ವನಿಗೆ ಹೇಳಲು ಒಂದು ಮಾತು ಸಿಗಲಿಲ್ಲ. ನೆತ್ತಿಯ ಮೇಲೆ ಇಡಲೆಂದು ಎತ್ತಿದ ಕೈಯನ್ನೂ ಇಡುವಂತಿರಲಿಲ್ಲ.

ಕಡೆಗೆ ಕೈ ಇಳಿಸಿ, "ಉಂಡಿಯೇನ ನೀ?" ಎಂದು ಕೇಳಿದಳು.

ಅಷ್ಟು ವರ್ಷ ಆ ಮಾತನ್ನು ಮನೆಯಲ್ಲಿ ಎಲ್ಲರಿಗೂ ಕೇಳುತ್ತ ಬಂದವಳು ಅತ್ತೆ. ಆಕೆಯನ್ನು ಯಾರಾದರೂ ಕೇಳಿದ್ದು ಅದೇ ಮೊದಲು.

"ಇನ್ನೂ ಇಲ್ಲ ವೈನಿ" ಎಂದಳು ಅತ್ತೆ. ಅಷ್ಟು ಹೇಳಿದವಳೇ ಅಳತೊಡಗಿದಳು. ಅಕ್ಕಿ ಚೆಲ್ಲೀತೆಂದು ಎರಡೂ ಕೈಯಲ್ಲಿ ಸೆರಗು ಹಿಡಿದಿದ್ದಳು, ಕಣ್ಣೊರೆಸಿಕೊಳ್ಳಲು ಕೈ ಖಾಲಿ ಇರಲಿಲ್ಲ. ಅವ್ವ ಮುಟ್ಟುವಂತಿರಲಿಲ್ಲ. ನಾನು ಹೋಗಿ ಒರೆಸಿದೆ.